ಶಾಕುಂತಲದ ಪ್ರಸ್ತಾವನೆ ತೆಗೆದ್ರೆ ನಾಟಕಕ್ಕೆ ಎಂತಾದ್ರೂ ಆಗ್ತದಾ?

ಕುಂಬ್ಳೆಯವ
ಎಲ್ಲರಿಗೂ ನಮಸ್ಕಾರ. ನಮ್ಮೂರ ಲೈಬ್ರರಿಯ ವಾರ್ಷಿಕೋತ್ಸವಕ್ಕೆ ಶಾಕುಂತಲ ಮಾಡುದು ಅಂತ ಆಗಿದೆ, ಕನ್ನಡದಲ್ಲೇ, ಪಾರ್ಟ್ ಮಾಡುವವರು ಹೆಚ್ಚಿನವರೂ ಕಾಲೇಜು ಮಕ್ಕಳು. ಕಮಿಟಿಯವರು ಕೊಟ್ಟದ್ದು 50 ನಿಮಿಷ, ಅದರ ನಂತ್ರ ಗಾನಮೇಳ ಉಂಟು ಹಾಗಾಗಿ ಒಂದು ನಿಮಿಷ ಜಾಸ್ತಿ ಸಿಕ್ಕುದಿಲ್ಲ. ಡೈರೆಕ್ಷನ್ ನನ್ನ ಭಾವಂದು. ಸುರುವಿಗೆ ಸೂತ್ರಧಾರ ಮತ್ತೆ ನಟಿ ಮಾತಾಡುದುಂಟಲ್ಲ, ಅದು ಪೂರಾ ಬೇಡ, ಪರದೆ ಸರಿದ ಕೂಡ್ಲೇ ಜಿಂಕೆ ಹಿಂದೆ ದುಷ್ಯಂತನ ರಥ ಬರ್ಲಿ ಅಂತ ಅವನ ವಾದ. ನನಗೆ ಯಾಕೋ ಮನಸ್ಸೊಪ್ಪುದಿಲ್ಲ, ಆದ್ರೆ ಯಾಕೆ ಬೇಕು ಅಂತ ಕೇಳಿದ್ರೆ ಬಾಯಿ ಕಟ್ತದೆ. ಗೊತ್ತಿದ್ದವರು ಹೇಳಿ, ಭಾವನ ಹತ್ರ ವಾದ ಮಾಡ್ಲಿಕ್ಕೆ ಎಂತಾದ್ರೂ ಬೇಕು.

ಸೀದಾಮಾತು
ತೆಗೀರಿ ಮಾರ್ರೆ, ಎಂತ ಆಲೋಚನೆ. ಈ ಪ್ರೊಲಾಗ್ ಅನ್ನುದು ಆ ಕಾಲದವರ ಗರಜು. ಹಳೇ ರೋಮ್‌ನ ನಾಟಕಕಾರ ಟೆರೆನ್ಸ್‌ನ ಒಂದು ನಾಟಕ ಎರಡು ಸಲ ಅರ್ಧಕ್ಕೇ ನಿಂತದ್ದು ಗೊತ್ತುಂಟಾ, ಒಂದು ಸಲ ಹಗ್ಗದ ಮೇಲೆ ನಡೆಯುವವನ ಆಟ ಉಂಟಂತ ಗಲಾಟೆ, ಇನ್ನೊಂದು ಸಲ ಗ್ಲೇಡಿಯೇಟರ್‌ಗಳ ಕಾಳಗ ಉಂಟಂತ ಗಲಾಟೆ. ಮೂರನೇ ಸಲ ತಂಡದ ಯಜಮಾನನೇ ಎದುರು ಬಂದು ಈ ಸಲ ಆದ್ರೂ ಕೂತು ನೋಡಿ ಅಂತ ಕೇಳ್ಕೊಂಡ, ಅದೇ ಪ್ರೊಲಾಗ್. (ನಿಮಗೂ ಗಾನಮೇಳದ ಹೆದರಿಕೆ ಇದ್ರೆ ಅಂಥದ್ದೊಂದು ಮಾಡ್ಬಹುದು.) ರೋಮಿಯೋ ಜೂಲಿಯೆಟ್‌ನ ಸುರುವಿನ 14 ಸಾಲು ಇವತ್ತು ಎಲ್ಲರ ಬಾಯಲ್ಲಿ ಉಂಟು, ಆದ್ರೆ 1623ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್ ನಾಟಕಗಳ ದೊಡ್ಡ ಸಂಗ್ರಹ, ಫೋಲಿಯೋ ಅಂತಾರಲ್ಲ, ಅದರಲ್ಲಿ ಅದು ಇಲ್ಲವೇ ಇಲ್ಲ. ಅದಿಲ್ಲಾಂತ ಪ್ರೇಮಿಗಳು ಸಾಯದೆ ಉಳಿದ್ರಾ?

ಬದಿಯಡ್ಕದಕ್ಕ
ಸೀದಾಮಾತು ಅಣ್ಣ ಹೇಳಿದ್ದು ಟೆರೆನ್ಸ್‌ಗೆ ಸರಿ, ಶಾಕುಂತಲಕ್ಕೆ ಆಗುದಿಲ್ಲ. ಕುಂಬ್ಳೆಯವರೇ, ನೀವು ಆ ಭಾಗ ಒಮ್ಮೆ ನಿಧಾನ ಓದಿ ನೋಡಿ. ಸೂತ್ರಧಾರ ನಟಿಯ ಹತ್ರ ಬೇಸಗೆಯ ಮೇಲೆ ಒಂದು ಪದ ಹಾಡು ಅಂತಾನೆ, ಅವಳು ಹಾಡ್ತಾಳೆ, ದುಂಬಿ ಮೆಲ್ಲ ಮುಟ್ಟಿ ಹೋದ ಶಿರೀಷದ ಹೂವನ್ನು ಹೆಂಗಸರು ಕಿವಿಗೆ ಇಟ್ಕೊಳ್ತಾರೆ ಅಂತ. ಹಾಡು ಮುಗಿದದ್ದೇ ಇವನು, ಈಗ ಯಾವ ನಾಟಕ ಆಡುವಾ ಅಂತ ಕೇಳ್ತಾನೆ! ಈಗಷ್ಟೇ ಶಾಕುಂತಲ ಅಂತ ನೀವೇ ಹೇಳಿದ್ದಲ್ವಾ ಅಂತ ನಟಿ. ಹೌದು ಹೌದು ಮರ್ತೇ ಹೋಗಿತ್ತು, ನಿನ್ನ ಹಾಡು ನನ್ನನ್ನು ಎಳ್ಕೊಂಡು ಹೋಯ್ತು, ಆ ಜಿಂಕೆ ರಾಜ ದುಷ್ಯಂತನನ್ನು ಎಳ್ಕೊಂಡು ಹೋದ ಹಾಗೆ ಅಂತ ಇವನು. ಆ ಮಾತಿನ ಹಿಂದೆಯೇ ರಥ.

ಈಗ ಹೇಳಿ, ಮರೆಯುದು ಯಾರ ಕಥೆ? ನಾಲ್ಕನೇ ಅಂಕದಲ್ಲಿ ದುರ್ವಾಸರ ಶಾಪ, ಐದನೇ ಅಂಕದಲ್ಲಿ ದುಷ್ಯಂತ ಹೆಂಡತಿಯನ್ನು ಎದುರಿಗೆ ನಿಲ್ಸಿ ಗೊತ್ತಿಲ್ಲ ಅಂತಾನೆ. ಅದಕ್ಕೆ ಸ್ವಲ್ಪ ಮೊದ್ಲು ಒಳಗಿಂದ ಅವನ ಇನ್ನೊಬ್ಬ ರಾಣಿ ಹಂಸಪದಿಕೆಯ ಹಾಡು ಕೇಳಿ ಅವನಿಗೆ ಎಂತದೋ ಸಂಕಟ ಆಗ್ತದೆ, ಎಂತ ಅಂತ ಗೊತ್ತಾಗುದಿಲ್ಲ. ಹಾಡು ಕೇಳಿ ಮರ್ತದ್ದು ಸುರುವಿಗೆ, ಹಾಡು ಕೇಳಿಯೂ ನೆನಪಾಗದ್ದು ಇಲ್ಲಿ. ಅಲ್ಲಿ ನಗಾಡಿದ ಸಭೆಗೇ ಇಲ್ಲಿ ಚುಚ್ಚುದು. ನಿಮ್ಮ ಭಾವ ತೆಗೀತೇನೆ ಅನ್ನುದು ಇದನ್ನು.

ಎಲ್ಲಾ ಪ್ರಸ್ತಾವನೆಯೂ ಇಷ್ಟು ಚಂದ ಅಂತ ನಾನು ಹೇಳುದಿಲ್ಲ. ಮಾಲವಿಕಾಗ್ನಿಮಿತ್ರದಲ್ಲಿ ಕಾಳಿದಾಸನೇ, ಹಳೇ ನಾಟಕಕಾರ ಭಾಸ ಇರುವಾಗ ಈ ಕಾಳಿದಾಸ ಯಾಕೆ ಅಂತ ಕೇಳಿಸಿ, ಹಳತು ಅಂದ ಮಾತ್ರಕ್ಕೆ ಎಲ್ಲಾ ಒಳ್ಳೇದಲ್ಲ ಅಂತ ಉತ್ತರ ಕೊಡಿಸ್ತಾನೆ, ಅದು ಹೊಸ ಕವಿಯ ವಕಾಲತ್ತು, ಕಥೆಗೆ ಅಷ್ಟು ಅಂಟುದಿಲ್ಲ. ಚಾಣಕ್ಯನ ಕಥೆಯ ಮುದ್ರಾರಾಕ್ಷಸ ನಾಟಕದ್ದು ಬೇರೆಯೇ, ಸೂತ್ರಧಾರ ಮನೆಯಲ್ಲಿ ಚಂದ್ರನ ಗ್ರಹಣದ ಸುದ್ದಿ ಮಾತಾಡ್ತಾ ಇದ್ರೆ, ಅದು ಚಂದ್ರಗುಪ್ತನ ಸುದ್ದಿ ಅಂತ ತಿಳ್ಕೊಂಡು, ನಾನಿರುವಾಗ ಚಂದ್ರಗುಪ್ತನ ಮೈಮೇಲೆ ಬರುವವ ಯಾರು ಅಂತ ಒಳಗಿಂದ ಚಾಣಕ್ಯನ ಅಬ್ಬರ. ಅವನು ರಂಗಕ್ಕೆ ಬರುವ ಮೊದ್ಲೇ ಅವನ ಸ್ವಭಾವ ಪೂರಾ ಬಂದಾಯ್ತು.

ಚೌಕಿಮನೆ
ಅಕ್ಕ ಹೇಳಿದ ಮೇಲೆ ನಾನು ಶಾಕುಂತಲದ ಬಗ್ಗೆ ಬಾಯಿ ಹಾಕುದಿಲ್ಲ. ಆದ್ರೆ ನಮ್ಮ ಯಕ್ಷಗಾನ ಆಟದಲ್ಲಿ ಪ್ರಸಂಗಕ್ಕೆ ಮೊದ್ಲು ಪೂರ್ವರಂಗ ಅಂತ ಉಂಟಲ್ಲ, ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ, ಅದು ಕಥೆಗೆ ಒಂದು ಚೂರೂ ಸಂಬಂಧ ಇಲ್ಲದ್ದು, ಆದ್ರೂ ಬೇಕಿತ್ತು. ಗದ್ದೆ ದಾಟಿ ಸೂಟೆಯ ಬೆಳಕು ಹಿಡ್ಕೊಂಡು ಜನ ಬಂದು ಮುಟ್ಬೇಕು, ಚೆಂಡೆ ಮದ್ದಳೆಯವರ ಕೈ ಬಿಸಿ ಆಗ್ಬೇಕು, ಹೊಸತ್ತಾಗಿ ಗೆಜ್ಜೆ ಕಟ್ಟಿದ ಹುಡುಗರಿಗೆ ರಂಗದ ಹೆದರಿಕೆ ಬಿಡ್ಬೇಕು. ಕೋಡಂಗಿ ಕುಣಿದು ಕುಣಿದೇ ಮುಂದೆ ದೊಡ್ಡ ವೇಷ ಮಾಡಿದವರು ಎಷ್ಟು ಮಂದಿ. ಈಗ ಕಾಲಮಿತಿ ಬಂದು ಸೀದಾ ಪ್ರಸಂಗಕ್ಕೆ ಹಾರುದು, ಹುಡುಗರು ಕಲಿಯುದು ಎಲ್ಲಿ ಅಂತ ಯಾರೂ ಕೇಳುದಿಲ್ಲ, ನನಗೆ ಇದೊಂದು ಉರಿ ಉಂಟು.

ತಾಳಮದ್ದಳೆಯಲ್ಲಿ, ಅಂದ್ರೆ ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಕೂಟದಲ್ಲಿ, ಪಾತ್ರ ಸುರುವಿಗೆ ಆಡುವ ಪೀಠಿಕೆ ಮಾತ್ರ ಅಕ್ಕ ಹೇಳಿದ ಜಾತಿಗೆ ಸೇರುದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿ (ಪಾತ್ರದ ಮಾತು ಆಡುವವರು) ವಾಲಿಗೆ ಕೂತ್ರೆ ಪೀಠಿಕೆಯಲ್ಲೇ ಪಾತ್ರದ ಪಟ್ಟು ಹಾಕಿ ಆಗ್ತಿತ್ತು, ಮತ್ತೆ ಎದುರು ಕೂತ ರಾಮ ಅದಕ್ಕೆ ಉತ್ತರ ಹುಡುಕ್ಬೇಕು. ಅದನ್ನು ಕತ್ತರಿಸಿದ್ರೆ ಮುಂದಿನ ವಾದಕ್ಕೆ ಬುಡವೇ ಇಲ್ಲ. ಹಾಗಾಗಿ ಪೀಠಿಕೆ ಬೇಕಾ ಬೇಡ್ವಾ ಅಂತ ಒಟ್ಟಾರೆ ಕೇಳಿದ್ರೆ ಆಗ್ಲಿಕ್ಕಿಲ್ಲ, ಯಾವುದರದ್ದು ಅಂತ ನೋಡ್ಬೇಕು.

ಸೀದಾಮಾತು
ಹಂಸಪದಿಕೆಯ ಪಾಯಿಂಟ್ ಒಳ್ಳೇದುಂಟು, ಒಪ್ಪಿದೆ. ಆದ್ರೆ 50 ನಿಮಿಷದಲ್ಲಿ ಹಂಸಪದಿಕೆಯೇ ಇರ್ತಾಳಾ ಅಂತ ಮೊದ್ಲು ಕೇಳಿ. ಅವಳನ್ನು ತೆಗೆದು ನಟಿಯನ್ನು ಇಟ್ರೆ ಅರ್ಧ ಜೋಡಿ ಮಾತ್ರ ಉಳೀತದೆ.

ಕುಂಬ್ಳೆಯವ
ಅದನ್ನೇ ಈಗ ಸ್ಕ್ರಿಪ್ಟ್ ತೆಗೆದು ನೋಡಿದೆ, ಭಾವ ಹಂಸಪದಿಕೆಗೂ ಗೀಟು ಹಾಕಿ ಆಗಿದೆ. ಎರಡೂ ಇರ್ಬೇಕು ಅಂತ ಹೇಳ್ತೇನೆ. ಸುರುವಿನ ನಾಂದಿ ಪದ್ಯ, ಸಭೆಯ ಹೊಗಳಿಕೆ ಎಲ್ಲಾ ಬಿಟ್ಟು, ನಟಿಯ ಹಾಡಿಂದ ಸುರು ಮಾಡಿದ್ರೆ ಎರಡೂವರೆ ಮೂರು ನಿಮಿಷ ಸಾಕಾ ಅಕ್ಕ?

ಬದಿಯಡ್ಕದಕ್ಕ
ಧಾರಾಳ ಸಾಕು. ಎರಡು ಹಾಡೂ ಒಬ್ಬಳೇ ಹುಡುಗಿ ಹಾಡ್ಲಿ, ರಾಗವೂ ಒಂದೇ ಇಡಿ. ಟೈಮಿಗೆ ಬೇಕಾದ್ರೆ ವಿದೂಷಕನ ಎರಡನೇ ಅಂಕದ ಮಾತಿಗೆ ಕತ್ತರಿ ಹಾಕ್ಲಿಕ್ಕೆ ಹೇಳಿ, ಅವನಿಗೆ ಬೇಟೆಯಲ್ಲಿ ಮೈಕೈ ನೋವು ಅಂತ ನಾಲ್ಕು ಸಾಲಲ್ಲಿ ಹೇಳಿದ್ರೂ ಜನ ನಗಾಡ್ತಾರೆ.