ಅಪ್‌ಡೇಟ್: ಅಪ್ಪನ ಗೌಟ್ ಮಾತ್ರೆ ನಿಲ್ಲಿಸಬೇಕೇ ಎಂದು ಕೇಳಿದ್ದೆ

ಅಪ್ಪನಿಗಿರುವುದು ಗೌಟ್, ಅಂದರೆ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಅದರ ಹರಳುಗಳು ಕೀಲಿನಲ್ಲಿ ಕೂತು ಊತ, ನೋವು ತರುವ ಕಾಯಿಲೆ. ಯೂರಿಕ್ ಆಮ್ಲ ಇಳಿಸುವ ಅಲೋಪ್ಯುರಿನಾಲ್ ಶುರು ಮಾಡಿದ ಮೇಲೆ ಅವರ ಕಾಲಿನ ಹೆಬ್ಬೆರಳು ಮತ್ತೆ ಊದಿಕೊಂಡಿತ್ತು, ಅದಕ್ಕೇ ಆ ಪ್ರಶ್ನೆ. ಮಾತ್ರೆ ನಿಲ್ಲಿಸಲಿಲ್ಲ. ದಾವಣಗೆರೆಯಲ್ಲೇ ಕೀಲುರೋಗ ತಜ್ಞರಿಗೆ ತೋರಿಸಿದೆವು. ಯೂರಿಕ್ ಆಮ್ಲ ಇಳಿಯತೊಡಗಿದಾಗ ಕೀಲಿನಲ್ಲಿ ಕೂತಿದ್ದ ಹರಳುಗಳು ಕರಗುತ್ತಾ ಕದಲುತ್ತವೆ, ಆಗ ಉರಿಯೂತ ಕೆರಳುವುದುಂಟು ಎಂದರು. ಅದನ್ನು ತಡೆಯಲೆಂದೇ ಮೊದಲ ಕೆಲವು ತಿಂಗಳು ಕಡಿಮೆ ಪ್ರಮಾಣದ ಕಾಲ್ಚಿಸಿನ್ ಜೊತೆಗೆ ಕೊಡುತ್ತಾರಂತೆ. ಹಳೆಯ ಚೀಟಿಯಲ್ಲಿ ಅದು ಇರಲೇ ಇಲ್ಲ! ಈಗ ಸೇರಿದೆ. ಅಲೋಪ್ಯುರಿನಾಲ್ 100 ಮಿ.ಗ್ರಾಂ.ನಿಂದ ಹಂತಹಂತವಾಗಿ ಏರುತ್ತಿದೆ. ರಕ್ತದಲ್ಲಿ ಯೂರಿಕ್ ಆಮ್ಲ ಡೆಸಿಲೀಟರ್‌ಗೆ 6 ಮಿ.ಗ್ರಾಂ.ಗಿಂತ ಕೆಳಗಿಳಿಯಬೇಕು. ಮೈಮೇಲೆ ದದ್ದು ಎದ್ದರೆ ಮಾತ್ರ ತಕ್ಷಣ ನಿಲ್ಲಿಸಿ ಬರಲು ಹೇಳಿದ್ದಾರೆ.

ನಿಮ್ಮಲ್ಲಿ ಅನೇಕರು ಬೆಣ್ಣೆದೋಸೆಯನ್ನು ದೂರಿದಿರಿ. ಪಾಪ, ಅದರ ತಪ್ಪೇನೂ ಇಲ್ಲ. ಬೆಣ್ಣೆಯಲ್ಲಿ ಪ್ಯೂರಿನ್ (ದೇಹದಲ್ಲಿ ಒಡೆದು ಯೂರಿಕ್ ಆಮ್ಲವಾಗುವ ವಸ್ತು) ತೀರಾ ಕಡಿಮೆ. ಅಪ್ಪನ ರಕ್ತದೊತ್ತಡದ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇತ್ತು, ಅದು ಯೂರಿಕ್ ಆಮ್ಲವನ್ನು ಏರಿಸುತ್ತದೆ. ಬದಲಿಗೆ ಲೋಸಾರ್ಟಾನ್ ಬರೆದಿದ್ದಾರೆ, ಇದು ಸ್ವಲ್ಪ ಇಳಿಸುತ್ತದೆ. ಬಿಯರ್ ಮತ್ತು ಕುರಿಯ ಲಿವರ್ ಬಂದ್. ಅಪ್ಪ ಮುನಿಸಿಕೊಂಡಿದ್ದಾರೆ.

ಚಿಕ್ಕಮ್ಮನಿಗೂ ಕೀಲಿನ ತೊಂದರೆಯೇ, ಆದರೆ ಅವರದು ರುಮಟಾಯ್ಡ್ ಸಂಧಿವಾತ (ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವುದು), ಕಾಯಿಲೆಯೇ ಬೇರೆ. ಈ ಮಾತ್ರೆಗಳು ಅವರಿಗಲ್ಲ. ಅವರು ಅದಕ್ಕೆ ತೆಗೆದುಕೊಳ್ಳುವ ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಾಪಾಯ. ಹಾಗಾಗಿ ಇಬ್ಬರ ಡಬ್ಬಿಗಳನ್ನೂ ಬೇರೆ ಬೇರೆ ಕಪಾಟಿನಲ್ಲಿಟ್ಟಿದ್ದೇನೆ.

ಅಪ್ಪನ ಊತ ಇಳಿದಿದೆ, ಚಪ್ಪಲಿ ಹಾಕುತ್ತಿದ್ದಾರೆ. ಮುಂದಿನ ರಕ್ತಪರೀಕ್ಷೆಯ ನಂತರ ಅಲೋಪ್ಯುರಿನಾಲ್ ಪ್ರಮಾಣ ಮತ್ತೆ ಏರಬಹುದು.