ಮೈಕಿನ ಕ್ಯಾಪ್ಸೂಲ್ ಬದಲಿಸಲೋ, ಬೋರ್ಡು ತಿದ್ದಲೋ? ಮಾಡಿ ನೋಡಿದವರು ಹೇಳಿ

ಪ್ರಶ್ನೆ:
ಆಡಿಯೊ ಪುಸ್ತಕ ಓದುವುದಕ್ಕೆ ಅಗ್ಗದ ಕಂಡೆನ್ಸರ್ ಮೈಕ್ ಬಳಸುತ್ತಿದ್ದೇನೆ. ಒಳಗೆ 34 ಮಿ.ಮೀ. ಕ್ಯಾಪ್ಸೂಲ್ (ಸದ್ದು ಹಿಡಿಯುವ ಪೊರೆಯ ಭಾಗ), ಟ್ರಾನ್ಸ್‌ಫಾರ್ಮರ್ ಇಲ್ಲದ ಬೋರ್ಡು ಇದೆ. ಸ, ಶ, ಚ ಬಂದಲ್ಲೆಲ್ಲ ಕಿವಿಗೆ ಚುಚ್ಚುತ್ತದೆ. ಮಾತಿಲ್ಲದಾಗ ಸುಯ್ ಎನ್ನುವ ಸದ್ದು. ಊರು ಮಂಗಳೂರು, ಮಳೆಗಾಲದಲ್ಲಿ ಚಟಪಟ ಬೇರೆ. ಬೆಸುಗೆ ಹಾಕಲು ಬರುತ್ತದೆ. ಯಾವುದನ್ನು ಮೊದಲು ಬದಲಿಸಲಿ?

ಉತ್ತರ 1:
ನೀವು ಹೇಳಿದ್ದು ಮೂರು ಬೇರೆ ಬೇರೆ ಕಾಯಿಲೆ. ಒಂದೇ ದಿನ ಎಲ್ಲವನ್ನೂ ಬಿಚ್ಚಿ ಬದಲಿಸಿದರೆ ಯಾವುದರಿಂದ ಯಾವುದು ವಾಸಿಯಾಯಿತೆಂದು ತಿಳಿಯುವುದಿಲ್ಲ.

ಚುಚ್ಚುವುದರ ಮೂಲ ಇದು. ಈ ಬೆಲೆಯ ಮೈಕುಗಳಲ್ಲಿ ಹೆಚ್ಚಾಗಿ ಕೂರುವುದು ನಾಯ್‌ಮನ್ ಕಂಪನಿಯ ಕೆ67 ಕ್ಯಾಪ್ಸೂಲಿನ ನಕಲು. ಮೂಲ ಕೆ67 ಬಂದದ್ದು 1960ರ ಯು67 ಮೈಕಿನಲ್ಲಿ. ಆ ಕ್ಯಾಪ್ಸೂಲ್ ಎತ್ತರದ ಸ್ವರಗಳನ್ನು ಬೇಕೆಂದೇ ಎತ್ತಿ ಕೊಡುತ್ತದೆ, ಒಳಗಿನ ಸರ್ಕ್ಯೂಟ್ ಅಷ್ಟನ್ನೇ ಇಳಿಸುತ್ತದೆ. ಎರಡೂ ಜೋಡಿಯಾಗಿ ಇರಬೇಕಾದವು. ಅಗ್ಗದ ಮೈಕುಗಳಲ್ಲಿ ಕ್ಯಾಪ್ಸೂಲ್ ಮಾತ್ರ ನಕಲಾಗಿದೆ. ಬೋರ್ಡು ಶೋಪ್ಸ್ ಕಂಪನಿಯ ಮಾದರಿಯದು: ಒಂದು ಎಫ್‌ಇಟಿ (ಗೇಟ್, ಡ್ರೇನ್, ಸೋರ್ಸ್ ಎಂಬ ಮೂರು ಕಾಲಿನ ಟ್ರಾನ್ಸಿಸ್ಟರ್), ಅದರ ಹಿಂದೆ ಎರಡು ಪಿಎನ್‌ಪಿ ಟ್ರಾನ್ಸಿಸ್ಟರ್. ಅದು ಬಂದದ್ದನ್ನು ಬಂದ ಹಾಗೇ ಕಳಿಸುತ್ತದೆ. ಎತ್ತಿದ್ದನ್ನು ಇಳಿಸುವವರೇ ಇಲ್ಲ.

ಹಾಗಾಗಿ ದಾರಿ ಎರಡು. ಎತ್ತರದ ಸ್ವರಗಳನ್ನು ಅಷ್ಟಾಗಿ ಎತ್ತದ ಕೆ47 ಮಾದರಿಯ ಕ್ಯಾಪ್ಸೂಲ್ ಹಾಕಿ, ಇಲ್ಲವೇ ಇರುವ ಕ್ಯಾಪ್ಸೂಲ್ ಉಳಿಸಿಕೊಂಡು ಬೋರ್ಡಿನಲ್ಲೇ ಇಳಿಸಿ. ಎರಡನ್ನೂ ಮಾಡಿದರೆ ಧ್ವನಿ ಕಂಬಳಿ ಹೊದ್ದಂತೆ ಮಬ್ಬಾಗುತ್ತದೆ. ಮಾತಿಗೆ ಕೆ47 ಚೆನ್ನಾಗಿ ಒಪ್ಪುತ್ತದೆ, ನನ್ನ ಆಯ್ಕೆ ಅದೇ.

ಉತ್ತರ 2:
ಕ್ಯಾಪ್ಸೂಲಿಗೆ ದುಡ್ಡು ಹಾಕುವ ಮೊದಲು ಒಂದೇ ಕೆಪ್ಯಾಸಿಟರಿನಲ್ಲಿ ಪರೀಕ್ಷೆ ಮಾಡಿ ಸರ್. ಎಫ್‌ಇಟಿಯ ಡ್ರೇನ್ ಮತ್ತು ಸೋರ್ಸ್ ಕಾಲುಗಳಲ್ಲಿ ಸಮ ಬೆಲೆಯ ಎರಡು ರೆಸಿಸ್ಟರ್ ಇರುತ್ತವೆ. ಅವು 2.2 ಕಿಲೊ ಓಮ್ ಎಂದುಕೊಳ್ಳಿ. ಡ್ರೇನ್ ಕಡೆಯದಕ್ಕೆ ಮಾತ್ರ ಸಮಾನಾಂತರವಾಗಿ 10 ನ್ಯಾನೊಫ್ಯಾರಡ್ ಫಿಲ್ಮ್ ಕೆಪ್ಯಾಸಿಟರ್ ಹಾಕಿದರೆ 3 ಕಿಲೊಹರ್ಟ್ಸ್‌ನಲ್ಲಿ ಅರ್ಧ ಡೆಸಿಬೆಲ್, 10 ಕಿಲೊಹರ್ಟ್ಸ್‌ನಲ್ಲಿ ಸುಮಾರು 3 ಡೆಸಿಬೆಲ್ ಇಳಿಯುತ್ತದೆ. 6.8 ನ್ಯಾನೊ ಹಾಕಿದರೆ 10 ಕಿಲೊಹರ್ಟ್ಸ್‌ನಲ್ಲಿ 2 ಡೆಸಿಬೆಲ್‌ಗೆ ಸ್ವಲ್ಪ ಕಡಿಮೆ. ಸೋರ್ಸ್ ಕಡೆಯ ಅರ್ಧ ಸಿಗ್ನಲ್ ಹಾಗೇ ಉಳಿಯುವುದರಿಂದ ಎಷ್ಟು ದೊಡ್ಡದು ಹಾಕಿದರೂ ಇಳಿತ 6 ಡೆಸಿಬೆಲ್ ದಾಟುವುದಿಲ್ಲ.

ಸಮತೋಲನಕ್ಕಾಗಿ ಎರಡೂ ಕಡೆ ಹಾಕಲು ಹೋಗಬೇಡಿ. ಸೋರ್ಸ್ ಕಡೆಯದು ಎಫ್‌ಇಟಿಯ ಕರೆಂಟನ್ನು ಏರಿಸುತ್ತದೆ, ಡ್ರೇನ್ ಕಡೆಯದು ಅದನ್ನೇ ನುಂಗುತ್ತದೆ, ಕೊನೆಗೆ ಏನೂ ಬದಲಾಗುವುದಿಲ್ಲ. ಡ್ರೇನ್‌ನಿಂದ ಸೋರ್ಸ್‌ಗೆ ನೇರ ಹಾಕಿದರೂ ಇದೇ ಗತಿ. ಕೆಪ್ಯಾಸಿಟರ್ ಹಾಕಿದೆ, ಪ್ರಯೋಜನವಾಗಲಿಲ್ಲ ಎನ್ನುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಕೇಳಿ ನೋಡಲು "ಸಾಸಿವೆ, ಸಂಶಯ, ಚಿಕ್ಕಚಿಕ್ಕ" ಇರುವ ಒಂದು ವಾಕ್ಯ ಇಟ್ಟುಕೊಳ್ಳಿ. ಒಂದು ಗೇಣು ದೂರ, ಅದೇ ಕೋನ, ಅದೇ ಗೇನ್. ಮೊದಲು ಮತ್ತು ಆಮೇಲೆ ಎರಡನ್ನೂ ಧ್ವನಿಮುದ್ರಿಸಿ ಹೋಲಿಸಿ.

ಉತ್ತರ 3:
ಕ್ಯಾಪ್ಸೂಲನ್ನೇ ಬದಲಿಸುವುದಾದರೆ ಗಮನಿಸಬೇಕಾದದ್ದು ಇಷ್ಟು. ಫ್ಯಾಂಟಮ್ (ಕೇಬಲ್ಲಿನಲ್ಲೇ ಮೈಕಿಗೆ ಬರುವ 48 ವೋಲ್ಟ್) ಆಫ್ ಮಾಡಿ, ಕೇಬಲ್ ಕಿತ್ತು, ಹತ್ತು ನಿಮಿಷ ಬಿಡಿ. ಯಾವ ತಂತಿ ಎಲ್ಲಿಗೆ ಹೋಗಿದೆ ಎಂದು ಬಿಚ್ಚುವ ಮೊದಲೇ ಫೋಟೊ ತೆಗೆಯಿರಿ. ತಂತಿಯನ್ನು ಬೋರ್ಡಿನ ತುದಿಯಲ್ಲಿ ಬಿಡಿಸಿ, ಕ್ಯಾಪ್ಸೂಲಿನ ತುದಿಗೆ ಸೋಲ್ಡರಿಂಗ್ ಐರನ್ ತಾಗಿಸಲೇಬೇಡಿ. ಪೊರೆ ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್, ಮೇಲೆ ಚಿನ್ನದ ಲೇಪ. ಬಿಸಿಗೆ ಸಡಿಲವಾಗುತ್ತದೆ, ಬೆರಳು ತಗುಲಿದರೆ ಮುಗಿಯಿತು. ಧೂಳು ಕಂಡರೂ ಬಾಯಿಂದ ಊದಬೇಡಿ, ಉಗುಳಿನ ಹನಿ ಸಾಕು ಹಾಳಾಗಲು.

ಎರಡು ಪೊರೆಯ ಕ್ಯಾಪ್ಸೂಲಿನಲ್ಲಿ ಹಿಂಬದಿಯ ತಂತಿಯನ್ನೂ ಮುಂಬದಿಯದರ ಜೊತೆ ಸೇರಿಸಿಬಿಟ್ಟರೆ ಮೈಕು ಎಲ್ಲ ದಿಕ್ಕಿನಿಂದಲೂ ಕೇಳುತ್ತದೆ. ಫ್ಯಾನು, ಬೀದಿ, ಗೋಡೆಯ ಮಾರ್ದನಿ ಎಲ್ಲ ಒಳಬಂದರೆ ಮೊದಲು ಇದನ್ನು ನೋಡಿ. ಹೊಸ ಕ್ಯಾಪ್ಸೂಲಿನ ಮುಖ ಯಾವುದು ಎಂದೂ ಖಚಿತ ಮಾಡಿಕೊಳ್ಳಿ.

ಪೋಲರೈಸೇಷನ್ ವೋಲ್ಟೇಜನ್ನು (ಕ್ಯಾಪ್ಸೂಲಿಗೆ ಕೊಡುವ ಸ್ಥಿರ ವೋಲ್ಟೇಜ್) ಕ್ಯಾಪ್ಸೂಲಿನ ತುದಿಯಲ್ಲಿ ಅಳೆಯಬೇಡಿ. ದಾರಿಯಲ್ಲಿ 1 ಗಿಗಾ ಓಮ್ ಇದೆ, ಮೀಟರಿನದು 10 ಮೆಗಾ ಓಮ್. 60 ವೋಲ್ಟ್ ಇದ್ದರೂ ಮೀಟರು ಅರ್ಧ ವೋಲ್ಟಿನ ಆಸುಪಾಸು ತೋರಿಸುತ್ತದೆ. ಆ ರೆಸಿಸ್ಟರಿನ ಮುಂಚಿನ ಬಿಂದುವಿನಲ್ಲಿ ಅಳೆಯಿರಿ.

ಉತ್ತರ 4:
ಮಳೆಗಾಲದ ಚಟಪಟಕ್ಕೆ ಬಿಡಿಭಾಗ ಬೇಡ, ಶುಚಿ ಬೇಕು. ಕ್ಯಾಪ್ಸೂಲ್, ಎಫ್‌ಇಟಿಯ ಗೇಟ್, ಗಿಗಾ ಓಮ್ ರೆಸಿಸ್ಟರುಗಳು ಸೇರುವ ಜಾಗದಲ್ಲಿ ಕರೆಂಟು ಸೋರಬಾರದು. ಕ್ಯಾಪ್ಸೂಲಿನ ಕೆಪ್ಯಾಸಿಟೆನ್ಸ್ 70 ಪಿಕೊಫ್ಯಾರಡ್ ಎಂದರೆ, 1 ಗಿಗಾ ಓಮ್ ಜೊತೆ ಅದು ತಗ್ಗಿನ ಕಡೆ 2 ಹರ್ಟ್ಸ್‌ಗಿಂತ ಸ್ವಲ್ಪ ಮೇಲಿನವರೆಗೂ ಕೇಳುತ್ತದೆ. ಬೆರಳಿನ ಜಿಡ್ಡು, ಫ್ಲಕ್ಸ್, ತೇವ ಸೇರಿ 100 ಮೆಗಾ ಓಮ್ ಸೋರಿಕೆಯಾದರೆ ಆ ಗಡಿ 25 ಹರ್ಟ್ಸ್‌ಗೆ ಏರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಗದ್ದಲವೂ ಏರುತ್ತದೆ. ಸೋರಿಕೆ ಬಿಟ್ಟುಬಿಟ್ಟು ಆದಾಗ ಕೇಳುವುದೇ ಆ ಚಟಪಟ.

99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ಮೆತ್ತನೆಯ ಬ್ರಷ್. ಎರಡು ಸಲ ತೊಳೆದು ಒಂದು ರಾತ್ರಿ ಒಣಗಿಸಿ. ಕೈ ಸ್ಯಾನಿಟೈಸರ್ ಬೇಡ, ಅದರಲ್ಲಿನ ಗ್ಲಿಸರಿನ್ ಉಳಿದುಕೊಂಡು ತೇವ ಎಳೆಯುತ್ತದೆ. ತೊಳೆಯುವುದು ಬೋರ್ಡನ್ನು ಮಾತ್ರ, ಕ್ಯಾಪ್ಸೂಲನ್ನಲ್ಲ. ಸಾಧ್ಯವಾದರೆ ಗೇಟಿನ ಕಾಲನ್ನು ಬೋರ್ಡಿನಿಂದ ಎತ್ತಿ ಗಾಳಿಯಲ್ಲೇ ಬೆಸೆಯಿರಿ, ಇಲ್ಲವೇ ಟೆಫ್ಲಾನ್ ಕಂಬದ ಮೇಲೆ. ಕರಾವಳಿಯಲ್ಲಿ ಮೈಕನ್ನು ಸ್ಟ್ಯಾಂಡಿನಲ್ಲೇ ಬಿಡಬೇಡಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಉತ್ತರ 5:
ಸುಯ್ ಸದ್ದು ಮೈಕಿನದೇ ಎಂದು ಯಾರೂ ಕೇಳಲಿಲ್ಲವಲ್ಲ! ಒಂದು ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್ಲಿನ ಮೂರು ಪಿನ್ನಿನ) ಪ್ಲಗ್ಗಿನ 2 ಮತ್ತು 3ನೇ ಪಿನ್ನಿನ ನಡುವೆ 150 ಓಮ್ ರೆಸಿಸ್ಟರ್ ಬೆಸೆದು, ಫ್ಯಾಂಟಮ್ ಆಫ್ ಮಾಡಿ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿಗೆ ಚುಚ್ಚಿ. ಅದೇ ಗೇನಿನಲ್ಲಿ ಸದ್ದು ಅಷ್ಟೇ ಇದ್ದರೆ ತಪ್ಪು ಅದರೊಳಗಿನ ಪ್ರಿಯಾಂಪಿನದು (ಸಿಗ್ನಲ್ ಏರಿಸುವ ಸರ್ಕ್ಯೂಟ್), ಮೈಕು ಬಿಚ್ಚುವ ಅಗತ್ಯವೇ ಇಲ್ಲ. ಸದ್ದು ಇಳಿದರೆ ಕ್ಯಾಪ್ಸೂಲಿನ ಜಾಗದಲ್ಲಿ 68 ಪಿಕೊಫ್ಯಾರಡ್ ಕೆಪ್ಯಾಸಿಟರ್ ಇಟ್ಟು, ಮೈಕಿನ ಕವಚ ಮುಚ್ಚಿ ಕೇಳಿ. ಆಗಲೂ ಸುಯ್ ಎಂದರೆ ಬೋರ್ಡು, ನಿಂತರೆ ಕ್ಯಾಪ್ಸೂಲಿನ ಸೋರಿಕೆ.

ಬೋರ್ಡೇ ಆದರೆ ಗೇಟಿಗೆ ತಗುಲಿದ ಸೆರಾಮಿಕ್ ಡಿಸ್ಕ್ ಕೆಪ್ಯಾಸಿಟರ್ ತೆಗೆದು ಪಾಲಿಸ್ಟೈರೀನ್ ಅಥವಾ ಸಿ0ಜಿ ಜಾತಿಯ ಸೆರಾಮಿಕ್ ಹಾಕಿ, ಅದೇ ಬೆಲೆ, 100 ವೋಲ್ಟ್ ತಾಳುವಂಥದ್ದು. ಎಕ್ಸ್7ಆರ್ ಸೆರಾಮಿಕ್ ಅಲುಗಾಟಕ್ಕೇ ಸಿಗ್ನಲ್ ಹುಟ್ಟಿಸುತ್ತದೆ. ಪಾಲಿಸ್ಟೈರೀನ್ ಬಿಸಿಗೆ ಕರಗುತ್ತದೆ, ಕಾಲಿಗೆ ಮೊಸಳೆ ಕ್ಲಿಪ್ ಹಾಕಿಕೊಂಡೇ ಬೆಸೆಯಿರಿ. ಫಿಲ್ಮ್ ಕೆಪ್ಯಾಸಿಟರ್, ಕ್ಲಿಪ್, ಆಲ್ಕೋಹಾಲ್ ಎಲ್ಲ ಬೆಂಗಳೂರಿನ ಎಸ್‌.ಪಿ. ರೋಡಿನ ಕಡೆ ಹೋದಾಗ ಒಟ್ಟಿಗೇ ತಂದಿಟ್ಟುಕೊಳ್ಳಿ.

ಎಫ್‌ಇಟಿ ಬದಲಿಸುವ ಆಸೆ ಬಿಡಿ ಎನ್ನುತ್ತೇನೆ. 2ಎಸ್‌ಕೆ170 ಹೆಸರಿನಲ್ಲಿ ನಕಲಿಗಳು ಧಾರಾಳ. ಅಸಲಿಯ ಇನ್‌ಪುಟ್ ಕೆಪ್ಯಾಸಿಟೆನ್ಸ್ 30 ಪಿಕೊಫ್ಯಾರಡ್, 70ರ ಕ್ಯಾಪ್ಸೂಲಿಗೆ ಅದು ಸಣ್ಣ ಹೊರೆಯಲ್ಲ. ಬದಲಿಸಿದರೆ ಬಯಾಸ್ (ಅದು ಕೆಲಸ ಮಾಡಲು ಬೇಕಾದ ಸ್ಥಿರ ವೋಲ್ಟೇಜ್) ಮತ್ತೆ ಕೂರಿಸಲೇಬೇಕು: ಆ 68 ಪಿಕೊ ಮೂಲಕ 1 ಕಿಲೊಹರ್ಟ್ಸ್ ಕೊಟ್ಟು, ಅಲೆಯ ಮೇಲೂ ಕೆಳಗೂ ಒಟ್ಟಿಗೇ ಕತ್ತರಿಸುವವರೆಗೆ ಟ್ರಿಮ್ಮರ್ ತಿರುಗಿಸುವುದು. ಆಸಿಲೊಸ್ಕೋಪ್ ಇಲ್ಲದೆ ಇದು ಆಗದು.

ಪ್ರಶ್ನೆ (ಇನ್ನೊಬ್ಬರದು):
ನನ್ನದು ಬಿಎಂ-800 ಎಂಬ ಅಗ್ಗದ ಮೈಕ್. ಕಂಪ್ಯೂಟರಿನ ಮೈಕ್ ಸಾಕೆಟ್ಟಿಗೆ ನೇರ ಚುಚ್ಚುತ್ತೇನೆ. ಇದಕ್ಕೂ 34 ಮಿ.ಮೀ. ಕ್ಯಾಪ್ಸೂಲ್ ಕೂರಿಸಬಹುದೇ?

ಉತ್ತರ 3ರವರಿಂದ:
ಕೂರಿಸಬಹುದು ಬ್ರದರ್, ಆದರೆ ಬೋರ್ಡೂ ಬದಲಾಗಬೇಕು. ನಿಮ್ಮದರಲ್ಲಿರುವುದು ಸಣ್ಣ ಇಲೆಕ್ಟ್ರೆಟ್ ಕ್ಯಾಪ್ಸೂಲ್ (ಚಾರ್ಜು ಒಳಗೇ ಇರುವಂಥದ್ದು), ಅದಕ್ಕೆ ಹೊರಗಿನ ಪೋಲರೈಸೇಷನ್ ಬೇಡ, ಕಂಪ್ಯೂಟರಿನ ಕೆಲವೇ ವೋಲ್ಟ್ ಸಾಕಾಗುತ್ತದೆ. ಹೊಸ ಬೋರ್ಡಿಗೆ ನಿಜವಾದ 48 ವೋಲ್ಟ್ ಫ್ಯಾಂಟಮ್ ಬೇಕೇ ಬೇಕು. ಇಂಟರ್‌ಫೇಸ್ ಕೊಳ್ಳುವ ಯೋಚನೆ ಇಲ್ಲದಿದ್ದರೆ ಕೈ ಹಾಕಬೇಡಿ.

ಮೊದಲು ಕೇಳಿದವರು:
150 ಓಮ್ ಪರೀಕ್ಷೆ ಮಾಡಿದೆ, ಸುಯ್ ಬಹುಪಾಲು ಹೋಯಿತು, ಅಂದರೆ ಮೈಕಿನದೇ. ಮೈಕ್ ಓಡುತ್ತಿರುವಾಗ 1ನೇ ಪಿನ್ನಿನಿಂದ ಅಳೆದರೆ 2ರಲ್ಲಿ 34.4, 3ರಲ್ಲಿ 34.3 ವೋಲ್ಟ್. ಸರಿಯೇ?

ಉತ್ತರ 5ರವರಿಂದ:
ಸರಿ ಇದೆ. ಪ್ರತಿ ಕಾಲಿನಲ್ಲಿ 6.8 ಕಿಲೊ ಓಮ್, ಅದರ ಮೇಲೆ 13.6 ವೋಲ್ಟ್ ಬಿದ್ದಿದೆ, ಅಂದರೆ ಕಾಲಿಗೆ 2, ಒಟ್ಟು 4 ಮಿಲಿಆಂಪ್. ಎರಡೂ ಪಿನ್ ಸಮವಾಗಿರುವುದರಿಂದ ಹಿಂದಿನ ಟ್ರಾನ್ಸಿಸ್ಟರುಗಳು ಆರೋಗ್ಯವಾಗಿವೆ. ಈ ಅಂಕಿ ಬರೆದಿಟ್ಟುಕೊಳ್ಳಿ. ತೊಳೆದ ಮೇಲೆ, 10 ನ್ಯಾನೊ ಹಾಕಿದ ಮೇಲೆ ಮತ್ತೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಸರಿದಿದ್ದರೆ ಎಲ್ಲೋ ಬೆಸುಗೆ ಸೇತುವೆ ಕಟ್ಟಿದೆ. ಹಾಗಿದ್ದರೆ ಕವಚ ಮುಚ್ಚಬೇಡಿ, ಲೆನ್ಸ್ ಹಿಡಿದು ಅದನ್ನು ಹುಡುಕಿ.