ಬೈಸನ್ಸ್‌ನ ಎರಡು ಸೀಸನ್ ಹಾಳು ಮಾಡಿದ್ದು ಕೊರೊನಾನಾ, ಬ್ಲೂ ಜೇಸಾ?

ಬಫಲೋವಾಸಿ:
ನಿನ್ನೆ ಇಲ್ಲೇ ಒಬ್ಬರು ಬರೆದಿದ್ದರು, ಕೊರೊನಾ ಕಾಲದಲ್ಲಿ ಬಫಲೋಗೆ ಲಾಟರಿ ಹೊಡೆಯಿತು, ಮೇಜರ್ ಲೀಗ್ ಬೇಸ್‌ಬಾಲ್ ಮನೆ ಬಾಗಿಲಿಗೇ ಬಂತು ಅಂತ. ಓದಿ ಮೈ ಉರಿಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಫಲೋ ಬೈಸನ್ಸ್ ನಮ್ಮೂರ ಟ್ರಿಪಲ್-ಎ ತಂಡ. ಅಂದರೆ ಮೈನರ್ ಲೀಗ್‌ನ ಎಲ್ಲಕ್ಕಿಂತ ಮೇಲಿನ ಹಂತ, ಮೇಜರ್ ಲೀಗ್‌ಗಿಂತ ಒಂದೇ ಮೆಟ್ಟಿಲು ಕೆಳಗೆ. 2013ರಿಂದ ಕೆನಡಾದ ಮೇಜರ್ ಲೀಗ್ ತಂಡ ಟೊರಾಂಟೊ ಬ್ಲೂ ಜೇಸ್ ಜೊತೆ ಒಪ್ಪಂದ, ಅವರ ಹುಡುಗರು ನಮ್ಮಲ್ಲಿ ಆಡಿ ಪಳಗುತ್ತಾರೆ. 2020ರ ಜೂನ್ 30ಕ್ಕೆ ಮೈನರ್ ಲೀಗ್ ಸೀಸನ್ ಪೂರ್ತಿ ರದ್ದಾಯಿತು. ಅದು ಕೊರೊನಾದಿಂದ, ಒಪ್ಪುತ್ತೇನೆ. ಆದರೆ 2021ರಲ್ಲಿ ಏನಾಯಿತು? ಮೇ 4ಕ್ಕೆ ಟ್ರಿಪಲ್-ಎ ಮತ್ತೆ ಶುರುವಾದಾಗ ಬೇರೆಯವರೆಲ್ಲ ತಮ್ಮ ಊರಿಗೆ ಹೋದರು, ನಮ್ಮ ಹುಡುಗರು ಮಾತ್ರ ಗಂಟುಮೂಟೆ ಕಟ್ಟಿಕೊಂಡು ನ್ಯೂಜೆರ್ಸಿಯ ಟ್ರೆಂಟನ್‌ಗೆ ಹೊರಟರು, ಯಾಕಂದರೆ ಕೊರೊನಾದಿಂದ ಟೊರಾಂಟೊದಲ್ಲಿ ಆಡಲಾಗದ ಬ್ಲೂ ಜೇಸ್‌ಗೆ ನಮ್ಮ ಮೈದಾನ ಬೇಕಿತ್ತು. ಅಲ್ಲಿ ತವರು ಪಂದ್ಯಗಳಲ್ಲಿ ಹೆಸರೂ ನಮ್ಮದಲ್ಲ, 'ಟ್ರೆಂಟನ್ ಥಂಡರ್' ಅಂತ ಬರೆದ ಜೆರ್ಸಿ. ಮನೆ ಮಾಲೀಕರನ್ನೇ ಒದ್ದು ಹೊರಗೆ ಹಾಕಿದ ಹಾಗೆ. ಇದನ್ನ ಲಾಟರಿ ಅಂತೀರಾ?

ಮೇಪಲ್ ಮಂಜ:
"ಒದ್ದು ಹೊರಗೆ ಹಾಕಿದ ಹಾಗೆ". ಸುಮ್ನೆ ಬಾಯಿಗೆ ಬಂದಿದ್ದು ಬರೆಯಬೇಡಿ. 2020ರ ಜುಲೈನಲ್ಲಿ ಕೆನಡಾ ಸರ್ಕಾರ ಟೊರಾಂಟೊದಲ್ಲಿ ಆಡೋಕೆ ಬಿಡಲಿಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಆಡೋಣ ಅಂದರೆ ಪೆನ್ಸಿಲ್ವೇನಿಯಾ ರಾಜ್ಯ ಬೇಡ ಅಂದಿತು. ಸೀಸನ್ ಶುರುವಾದರೂ ತಲೆ ಮೇಲೆ ಸೂರಿಲ್ಲ. ವಾಷಿಂಗ್ಟನ್‌ನಲ್ಲಿ ಎದುರಾಳಿಯ ಮೈದಾನದಲ್ಲೇ ತವರು ತಂಡ ಅಂತ ಹೇಳಿಕೊಂಡು ಎರಡು ಪಂದ್ಯ ಆಡಬೇಕಾಯಿತು. ಬೈಸನ್ಸ್ ಆಡೋ ಬಫಲೋದ ಮೈದಾನ ಸೇಲೆನ್ ಫೀಲ್ಡ್ ಆಗ ಬೀಗ ಹಾಕಿಕೊಂಡು ಕೂತಿತ್ತು, ಅಲ್ಲಿಗೆ ಬಂದರು. ಆಗಸ್ಟ್ 11ಕ್ಕೆ ಮಯಾಮಿ ವಿರುದ್ಧ ಹತ್ತನೇ ಇನಿಂಗ್ಸ್‌ನಲ್ಲಿ 5-4 ಗೆದ್ದರು. 1915ರ ನಂತರ ಬಫಲೋದಲ್ಲಿ ನಡೆದ ಮೊದಲ ಮೇಜರ್ ಲೀಗ್ ಪಂದ್ಯ ಅದು. 105 ವರ್ಷ! ಬೇರೆ ಊರಿನವರಾಗಿದ್ದರೆ ಹಬ್ಬ ಮಾಡುತ್ತಿದ್ದರು.

ಹಳೇ ಲೆಕ್ಕ:
"1915ರ ನಂತರ" ಅನ್ನೋದು ಟಿವಿಯವರು ಹೇಳಿಕೊಟ್ಟ ಗಿಳಿಪಾಠ. 1914, 1915ರಲ್ಲಿ ಬಫಲೋ ಆಡಿದ್ದು ಫೆಡರಲ್ ಲೀಗ್‌ನಲ್ಲಿ. ಎರಡೇ ವರ್ಷ ಬಾಳಿದ ಬಂಡಾಯ ಲೀಗ್. ಅದನ್ನ ಮೇಜರ್ ಅನ್ನೋದಾದರೆ ಯಾವುದನ್ನ ಬೇಕಾದರೂ ಅನ್ನಬಹುದು. ಬಫಲೋ ನಿಜವಾಗಿ ಮೇಜರ್ ಊರಾಗಿದ್ದು 1879ರಿಂದ 1885ರ ತನಕ, ಇವತ್ತಿಗೂ ಇರೋ ನ್ಯಾಷನಲ್ ಲೀಗ್‌ನಲ್ಲಿ. ಹಾಗಾಗಿ 105 ಅಲ್ಲ, 135.

ಮೇಪಲ್ ಮಂಜ:
"ಯಾವುದನ್ನ ಬೇಕಾದರೂ" ಅಲ್ಲ ಸರ್. 1969ರಲ್ಲಿ ಬೇಸ್‌ಬಾಲ್ ದಾಖಲೆ ಸಮಿತಿ ಕೂತು ಆರು ಲೀಗ್‌ಗಳನ್ನ ಮೇಜರ್ ಅಂತ ಗುರುತಿಸಿತು. ಫೆಡರಲ್ ಲೀಗ್ ಆ ಆರರಲ್ಲಿ ಒಂದು. ಅಧಿಕೃತ ಅಂದರೆ ಅಧಿಕೃತ. ನಿಮಗೆ ಇಷ್ಟ ಇಲ್ಲ ಅಂತ ದಾಖಲೆ ಬದಲಾಗೋದಿಲ್ಲ.

ಹಳೇ ಲೆಕ್ಕ:
ಸಮಿತಿ ಹೇಳಿದ್ದೇ ವೇದವಾಕ್ಯನಾ? ಅದೇ ಸಮಿತಿ ನೀಗ್ರೋ ಲೀಗ್‌ಗಳನ್ನ, ಅಂದರೆ ಮೇಜರ್ ಲೀಗ್ ಬಾಗಿಲು ಮುಚ್ಚಿದ್ದ ಕಾಲದ ಕಪ್ಪು ಆಟಗಾರರ ಲೀಗ್‌ಗಳನ್ನ, ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆ ತಪ್ಪು ಸರಿಪಡಿಸಿದ್ದು 2020ರ ಡಿಸೆಂಬರ್‌ನಲ್ಲಿ. ಅಲ್ಲಿ ಆಡಿದ ಜಾಶ್ ಗಿಬ್ಸನ್‌ನಂಥ ದಿಗ್ಗಜನನ್ನ ಹೊರಗಿಟ್ಟ ಸಮಿತಿಯ ಮಾತಿಗೆ ಎಷ್ಟು ಬೆಲೆ ಕೊಡಬೇಕು ನೀವೇ ಹೇಳಿ.

ಬಫಲೋವಾಸಿ:
ಇಬ್ಬರೂ ಒಂದು ನಿಮಿಷ. ನಾನು ಎತ್ತಿದ ಮಾತು 2021. ನಮ್ಮ ಪಕ್ಕದ ಮನೆಯವರು ಬೇಸಿಗೆಯಲ್ಲಿ ಆ ಮೈದಾನದ ಒಳಗೆ ಹಾಟ್‌ಡಾಗ್ ಸ್ಟಾಲ್‌ನಲ್ಲಿ ಕೆಲಸ ಮಾಡುತ್ತಿದ್ದರು. ಇದ್ದಿಲ ಮೇಲೆ ಸುಟ್ಟ ಸಾಸೇಜ್ ವಾಸನೆ ಅವರ ಜಾಕೆಟ್‌ನಿಂದ ಹೋಗುತ್ತಲೇ ಇರಲಿಲ್ಲ. 2020ರಲ್ಲಿ ಬ್ಲೂ ಜೇಸ್ ಬಂದರು, ಸರಿ. ಒಬ್ಬ ಪ್ರೇಕ್ಷಕನಿಗಾದರೂ ಒಳಗೆ ಬಿಟ್ಟರಾ? ಇಲ್ಲ. ಸ್ಟಾಲ್ ತೆರೆಯಲಿಲ್ಲ. ಅವರಿಗೆ ಆ ಬೇಸಿಗೆ ಒಂದು ಡಾಲರ್ ಬರಲಿಲ್ಲ. ಯಾವ ಹಬ್ಬ ಮಾಡಬೇಕಿತ್ತು ಮಂಜ ಅವರೇ? ಬೇಲಿ ಆಚೆ ನಿಂತು ದೀಪ ನೋಡೋ ಹಬ್ಬನಾ?

ಮೇಪಲ್ ಮಂಜ:
"ದೀಪ" ಅಂದಿರಿ ನೋಡಿ, ಒಳ್ಳೆಯದಾಯಿತು. ಆ ಹೊಸ ದೀಪ ಹಾಕಿಸಿದ್ದು ಯಾರು? ಬ್ಲೂ ಜೇಸ್. 1988ರಲ್ಲಿ ಕಟ್ಟಿದ ಮೈದಾನ ಅದು. ಫೌಲ್ ಗೆರೆ ಪಕ್ಕದಲ್ಲಿದ್ದ ಬುಲ್‌ಪೆನ್ (ಬದಲಿ ಪಿಚರ್‌ಗಳು ಕೈ ಪಳಗಿಸೋ ಜಾಗ) ತೆಗೆದು ಔಟ್‌ಫೀಲ್ಡ್ ಗೋಡೆಯ ಆಚೆ ಹಾಕಿದ್ದು, ಹೊಸ ಕ್ಲಬ್‌ಹೌಸ್, ಬ್ಯಾಟಿಂಗ್ ಕೇಜ್, ಎಲ್ಲ ಅವರ ಕಾಲದಲ್ಲೇ ಆಗಿದ್ದು. ಇವತ್ತಿಗೂ ಬೈಸನ್ಸ್ ಹುಡುಗರು ಅದನ್ನೇ ಬಳಸುತ್ತಿದ್ದಾರೆ. ಮೈದಾನ ನಗರದ ಆಸ್ತಿ, ಟೊರಾಂಟೊಗೆ ಹೊತ್ತುಕೊಂಡು ಹೋಗಲಿಲ್ಲ.

ಜೆರ್ಸಿ ಜಯಂತಿ:
ಎಲ್ಲರೂ ಬಫಲೋ, ಟೊರಾಂಟೊ ಅಂತ ಕಿತ್ತಾಡುತ್ತಿದ್ದೀರಿ. ಟ್ರೆಂಟನ್ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ನಾವಿರೋದು ಅದರ ಹತ್ತಿರ. ನಮ್ಮ ಥಂಡರ್ ವರ್ಷಗಟ್ಟಲೆ ನ್ಯೂಯಾರ್ಕ್‌ನ ಮೇಜರ್ ಲೀಗ್ ತಂಡ ಯಾಂಕೀಸ್‌ನ ಡಬಲ್-ಎ ತಂಡ, ಅಂದರೆ ಟ್ರಿಪಲ್-ಎಗಿಂತ ಒಂದು ಮೆಟ್ಟಿಲು ಕೆಳಗಿನದು, ಆಗಿತ್ತು. 2020ರ ನವೆಂಬರ್‌ನಲ್ಲಿ ಯಾಂಕೀಸ್ ನಮ್ಮನ್ನ ಕೈಬಿಟ್ಟು ನ್ಯೂಜೆರ್ಸಿಯದೇ ಸಾಮರ್ಸೆಟ್ ತಂಡದ ಜೊತೆ ಹೋದರು. ನಮಗೆ ಉಳಿದಿದ್ದು ಡ್ರಾಫ್ಟ್‌ಗೆ (ಮೇಜರ್ ಲೀಗ್ ಕ್ಲಬ್‌ಗಳು ಹೊಸ ಹುಡುಗರನ್ನ ಸುತ್ತು ಸುತ್ತಾಗಿ ಆರಿಸೋದು) ಕಾಯೋ ಕಾಲೇಜು ಹುಡುಗರ ಲೀಗ್. ಅಂಥ ಹೊತ್ತಲ್ಲಿ ನಿಮ್ಮ ಬೈಸನ್ಸ್ ಬಂದರು. 2021ರ ಮೇ ತಿಂಗಳಲ್ಲಿ ಡೆಲವೇರ್ ನದಿ ಪಕ್ಕದ ಆ ಮೈದಾನದಲ್ಲಿ ಮಕ್ಕಳನ್ನ ಕರೆದುಕೊಂಡು ಕೂತಿದ್ದೆ. ಅನೌನ್ಸರ್ 'ಥಂಡರ್' ಅಂತ ಕೂಗುತ್ತಾನೆ, ಜನ ಚಪ್ಪಾಳೆ ಹೊಡೆಯುತ್ತಾರೆ, ಆದರೆ ಆಟಗಾರರಲ್ಲಿ ಒಬ್ಬನ ಹೆಸರೂ ಯಾರಿಗೂ ಗೊತ್ತಿಲ್ಲ. ಮಗ ಕೇಳಿದ, ಇವರು ನಮ್ಮವರಾ ಅಂತ. ಏನು ಹೇಳಲಿ? ಅದೇ ಬೇಸಿಗೆ ಅದೇ ಮೈದಾನದಲ್ಲಿ ಡ್ರಾಫ್ಟ್ ಲೀಗ್‌ನ ಥಂಡರ್ ಬೇರೆ. ಒಂದೇ ಹೆಸರಿನ ಎರಡು ತಂಡ. ಬಫಲೋ ಜನಕ್ಕೆ ಅವರ ತಂಡ ಆಗಸ್ಟ್ 10ಕ್ಕೆ ವಾಪಸ್ ಸಿಕ್ಕಿತು. ನಮಗೆ ಡಬಲ್-ಎ ವಾಪಸ್ ಸಿಕ್ಕಿತಾ?

ಬಫಲೋವಾಸಿ:
"ಒಬ್ಬನ ಹೆಸರೂ ಯಾರಿಗೂ ಗೊತ್ತಿಲ್ಲ". ನೋಡಿ, ಇದನ್ನೇ ನಾನು ಹೇಳುತ್ತಿರೋದು! ಅಲೆಕ್ ಮನೋವಾ ಆ ಮೇನಲ್ಲಿ ಬೈಸನ್ಸ್ ಪರ ಮೂರೇ ಪಂದ್ಯ ಪಿಚ್ ಮಾಡಿ ಮೇಲಕ್ಕೆ ಹೋದ. ಮೇ 27ಕ್ಕೆ ಯಾಂಕೀ ಸ್ಟೇಡಿಯಂನಲ್ಲಿ ಮೊದಲ ಮೇಜರ್ ಲೀಗ್ ಪಂದ್ಯ, ಆರು ಇನಿಂಗ್ಸ್, ಒಂದೂ ರನ್ ಬಿಡಲಿಲ್ಲ. ಅಂಥ ಹುಡುಗ ಬೈಸನ್ಸ್ ಟೋಪಿ ಹಾಕಿಕೊಂಡು ಎಸೆಯೋದನ್ನ ಆ ವರ್ಷ ಬಫಲೋ ಜನ ಬಫಲೋದಲ್ಲಿ ನೋಡಲೇ ಇಲ್ಲ. ಟ್ರಿಪಲ್-ಎ ನೋಡೋದು ಇದಕ್ಕೇ ಅಲ್ವಾ? ನಾಳೆ ದೊಡ್ಡವನಾಗೋನನ್ನ ಇವತ್ತು ಕಡಿಮೆ ದುಡ್ಡಲ್ಲಿ ಹತ್ತಿರದಿಂದ ನೋಡೋಕೆ.

ಹಳೇ ಲೆಕ್ಕ:
ಮಂಜ ಅವರು ನೀಗ್ರೋ ಲೀಗ್ ಮಾತಿಗೆ ಉತ್ತರ ಕೊಡದೆ ಜಾರಿಕೊಂಡರು. ಅಂದರೆ 1969ರ ಸಮಿತಿ ಮೇಲೆ ಅವರಿಗೂ ಭರವಸೆ ಇಲ್ಲ ಅಂತಾಯಿತು.

ಮೇಪಲ್ ಮಂಜ:
ಜಾರಿಕೊಂಡಿಲ್ಲ, ಊಟಕ್ಕೆ ಹೋಗಿದ್ದೆ. ಸಮಿತಿ ಒಂದು ಕಡೆ ಅನ್ಯಾಯ ಮಾಡಿತು ಅಂದ ಮಾತ್ರಕ್ಕೆ ಇನ್ನೊಂದು ಕಡೆ ಹೇಳಿದ್ದೂ ಸುಳ್ಳಾಗೋದಿಲ್ಲ. ಅಷ್ಟಕ್ಕೂ ನಿಮ್ಮ 1885 ಕೂಡ ನಿಲ್ಲೋದಿಲ್ಲ. 1890ರಲ್ಲಿ ಪ್ಲೇಯರ್ಸ್ ಲೀಗ್‌ನಲ್ಲಿ ಬಫಲೋ ತಂಡ ಇತ್ತು. ಅದನ್ನ ಎಲ್ಲಿ ಬಚ್ಚಿಟ್ಟಿರಿ?

ಹಳೇ ಲೆಕ್ಕ:
ಪ್ಲೇಯರ್ಸ್ ಲೀಗ್ ಒಂದೇ ವರ್ಷದ ಬಂಡಾಯ. ಎರಡು ವರ್ಷದ ಬಂಡಾಯವನ್ನೇ ಒಪ್ಪದ ನಾನು ಒಂದು ವರ್ಷದ್ದನ್ನ ಒಪ್ಪುತ್ತೇನಾ? ನನ್ನ ಲೆಕ್ಕದಲ್ಲಿ ಗೊಂದಲ ಇಲ್ಲ. ನಿಮಗೆ 105 ಬೇಕು, ಯಾಕಂದರೆ ಪೋಸ್ಟರ್ ಮೇಲೆ ಚೆನ್ನಾಗಿ ಕಾಣುತ್ತದೆ.

ಸ್ಕೋರ್‌ಕಾರ್ಡ್ ಸ್ವಾಮಿ:
ಅಯ್ಯಾ, ಫೆಡರಲ್ ಲೀಗ್ ಹೆಸರು ಎತ್ತಿ ಅರ್ಧ ದಿನ ಕಳೆದಿರಿ, ಅಸಲು ಸಂಗತಿ ಒಬ್ಬರೂ ಹೇಳಲಿಲ್ಲ. ಆ ಲೀಗ್ ಮುಳುಗಿದ ಮೇಲೆ ಅದರ ಬಾಲ್ಟಿಮೋರ್ ತಂಡ ಕೋರ್ಟಿಗೆ ಹೋಯಿತು. 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೇಸ್‌ಬಾಲ್‌ಗೆ ಏಕಸ್ವಾಮ್ಯ ತಡೆ ಕಾನೂನು ಅನ್ವಯಿಸೋದಿಲ್ಲ ಅಂತ ತೀರ್ಪು ಕೊಟ್ಟಿತು. ಆ ರಿಯಾಯಿತಿ ಇನ್ನೂ ಜೀವಂತ ಇದೆ. ಮೇಜರ್ ಲೀಗ್‌ನವರು 160 ಮೈನರ್ ಲೀಗ್ ತಂಡಗಳನ್ನ 120ಕ್ಕೆ ಇಳಿಸಿ, 40 ಊರುಗಳಿಗೆ ಬಾಗಿಲು ಹಾಕಿದ್ದು ಅದೇ ಧೈರ್ಯದ ಮೇಲೆ. ಕೊರೊನಾದಿಂದ ಆಯಿತು ಅಂತ ಯಾರೂ ಹೇಳಬೇಡಿ. ತಂಡ ಕಡಿಮೆ ಮಾಡೋ ಯೋಜನೆ ಹೊರಬಿದ್ದಿದ್ದು 2019ರ ಅಕ್ಟೋಬರ್‌ನಲ್ಲಿ, ಆಗ ಆ ವೈರಸ್ ಹೆಸರೇ ಯಾರೂ ಕೇಳಿರಲಿಲ್ಲ. ಮೇಜರ್, ಮೈನರ್ ಲೀಗ್‌ಗಳ ನಡುವಿನ ಹಳೆಯ ಒಪ್ಪಂದ 2020ರ ಸೆಪ್ಟೆಂಬರ್‌ಗೆ ಮುಗಿಯೋದಿತ್ತು. ಆ ಬೇಸಿಗೆ ಟಿಕೆಟ್ ಇಲ್ಲ, ಬಿಯರ್ ಇಲ್ಲ, ಪಾರ್ಕಿಂಗ್ ದುಡ್ಡಿಲ್ಲ, ಟಿವಿ ಹಣ ಮೊದಲೇ ಇಲ್ಲ. ಬರಿಗೈಯಲ್ಲಿ ನಿಂತ ಸಣ್ಣ ತಂಡದ ಮಾಲೀಕರು ಚೌಕಾಸಿ ಮಾಡೋದು ಹೇಗೆ? ಸಹಿ ಹಾಕು ಅಂದ ಕಡೆ ಹಾಕಿದರು.

ಮೇಪಲ್ ಮಂಜ:
"ಬರಿಗೈಯಲ್ಲಿ ನಿಂತ ಮಾಲೀಕರು". ಬೈಸನ್ಸ್ ಮಾಲೀಕತ್ವ ರಿಚ್ ಪ್ರಾಡಕ್ಟ್ಸ್ ಅನ್ನೋ ದೊಡ್ಡ ಆಹಾರ ಕಂಪನಿಯದು. ಬೀದಿಗೆ ಬಿದ್ದವರಲ್ಲ.

ಸ್ಕೋರ್‌ಕಾರ್ಡ್ ಸ್ವಾಮಿ:
ನಾನು ಬೈಸನ್ಸ್ ಮಾಲೀಕರ ಬಗ್ಗೆ ಹೇಳಿದೆನಾ? ಆಟಗಾರರನ್ನ ನೋಡಿ. 2020ರಲ್ಲಿ ಆಟ ನಿಂತಾಗ ಮೈನರ್ ಲೀಗ್ ಹುಡುಗರಿಗೆ ವಾರಕ್ಕೆ 400 ಡಾಲರ್ ಭತ್ಯೆ, ಅಷ್ಟೇ. ಮೇಜರ್ ಲೀಗ್‌ನ ಒಂದು ಕ್ಲಬ್ ಅದನ್ನೂ ಮೇ ಕೊನೆಗೆ ನಿಲ್ಲಿಸುತ್ತೇನೆ ಅಂದು, ಜನ ಉಗಿದ ಮೇಲೆ ವಾಪಸ್ ಪಡೆಯಿತು. ಡ್ರಾಫ್ಟ್ ಅನ್ನ 40 ಸುತ್ತಿನಿಂದ 5ಕ್ಕೆ ಇಳಿಸಿದರು. ಆ 35 ಸುತ್ತಿನ ಹುಡುಗರು ಏನಾದರು ಅಂತ ಇಲ್ಲಿ ಯಾರಾದರೂ ಕೇಳಿದಿರಾ? ನೀವೆಲ್ಲ ಜೆರ್ಸಿ ಮೇಲಿನ ಹೆಸರಿಗೆ ಕಿತ್ತಾಡುತ್ತಿದ್ದೀರಿ.

ಬಫಲೋವಾಸಿ:
"ಜೆರ್ಸಿ ಮೇಲಿನ ಹೆಸರಿಗೆ". ಹೌದು, ಕಿತ್ತಾಡುತ್ತೇನೆ. ಟ್ರಿಪಲ್-ಎ ಆಟಗಾರ ಇವತ್ತು ಇರುತ್ತಾನೆ, ನಾಳೆ ಫೋನ್ ಬಂದರೆ ಹೋಗುತ್ತಾನೆ. ಮೇಲಿನ ಕ್ಲಬ್ ಕೂಡ ಬದಲಾಗುತ್ತದೆ, ಬ್ಲೂ ಜೇಸ್‌ಗಿಂತ ಮುಂಚೆ ನ್ಯೂಯಾರ್ಕ್ ಮೆಟ್ಸ್ ಇದ್ದರು. ಊರಿನವರ ಪಾಲಿಗೆ ಉಳಿಯೋದು ಹೆಸರು ಮತ್ತೆ ಮೈದಾನ. 2021ರಲ್ಲಿ ಅವೆರಡನ್ನೂ ಒಟ್ಟಿಗೇ ಕಿತ್ತುಕೊಂಡರು. ಇದು ನಿಮಗೆ ಸಣ್ಣದಾಗಿ ಕಾಣಬಹುದು. ಪ್ರತಿ ವರ್ಷ ಅದೇ ಸೀಟಿಗೆ ದುಡ್ಡು ಕಟ್ಟಿ ಕೂರೋ ನಮಗೆ ಸಣ್ಣದಲ್ಲ. ಲೀಗ್ ಹೆಸರನ್ನೂ ಬಿಡಲಿಲ್ಲ! ಬೈಸನ್ಸ್ ಆಡೋ, 1884ರಿಂದ ಬೇರು ಬಿಟ್ಟ ಇಂಟರ್‌ನ್ಯಾಷನಲ್ ಲೀಗ್ ಅನ್ನ ಆ ವರ್ಷ 'ಟ್ರಿಪಲ್-ಎ ಈಸ್ಟ್' ಮಾಡಿದರು. 2022ಕ್ಕೆ ಹಳೇ ಹೆಸರನ್ನೇ ವಾಪಸ್ ತಂದರು. ಬೇಡದ ಕೆಲಸ ಆಗಿದ್ದರಿಂದ ತಾನೇ?

ಹಳೇ ಲೆಕ್ಕ:
1922ರ ತೀರ್ಪು ಫೆಡರಲ್ ಲೀಗ್ ಮೇಜರ್ ಆಗಿತ್ತು ಅಂತ ಎಲ್ಲೂ ಹೇಳೋದಿಲ್ಲ. ಸ್ವಾಮಿಯವರು ಅದನ್ನ ಮಂಜನ ಬುಟ್ಟಿಗೆ ಹಾಕೋ ಅಗತ್ಯ ಇರಲಿಲ್ಲ.

ಸ್ಕೋರ್‌ಕಾರ್ಡ್ ಸ್ವಾಮಿ:
ಯಾರ ಬುಟ್ಟಿಗೂ ಹಾಕಿಲ್ಲ ಮಾರಾಯರೇ. ದಯವಿಟ್ಟು ಒಮ್ಮೆ ಪೂರ್ತಿ ಓದಿ.

ಮೇಪಲ್ ಮಂಜ:
"ಅದೇ ಸೀಟಿಗೆ ದುಡ್ಡು ಕಟ್ಟಿ" ಅಂದಿರಿ. 2021ರ ಜೂನ್ 1ರಿಂದ ಜುಲೈ 21ರ ತನಕ ಬ್ಲೂ ಜೇಸ್ ಅಲ್ಲೇ ಆಡಿದರು, ಪ್ರೇಕ್ಷಕರನ್ನೂ ಬಿಟ್ಟರು. ನೀವು ಆ ಸೀಟಲ್ಲಿ ಕೂತು ಗೆರೆರೊ ಜೂನಿಯರ್, ಬಿಶೆಟ್, ಸಿಮಿಯನ್, ಬ್ಲೂ ಜೇಸ್‌ನ ತಾರೆಗಳು ಎಲ್ಲರನ್ನೂ ನೋಡಬಹುದಿತ್ತು. ಗೆರೆರೊ ಆ ವರ್ಷ 48 ಹೋಮ್ ರನ್ ಹೊಡೆದ. ನಾವು ಟೊರಾಂಟೊ ಅಭಿಮಾನಿಗಳು? ಬಫಲೋ ನಮಗೆ ಎರಡು ಗಂಟೆ ದಾರಿ. ರಸ್ತೆ ಗಡಿ ಮುಚ್ಚಿತ್ತು. ಅಮೆರಿಕ ಅದನ್ನ ನಮಗೆ ತೆರೆದಿದ್ದು ನವೆಂಬರ್‌ನಲ್ಲಿ, ಸೀಸನ್ ಮುಗಿದ ಮೇಲೆ. ನಮ್ಮ ತಂಡ ನಿಮ್ಮ ಮನೆಯಲ್ಲಿ, ನಾವು ಟಿವಿ ಮುಂದೆ. ನಿಮಗಿಂತ ಜಾಸ್ತಿ ಕಳೆದುಕೊಂಡಿದ್ದು ನಾವು. ಜುಲೈ 30ಕ್ಕೆ ಟೊರಾಂಟೊಗೆ ವಾಪಸ್ ಬಂದ ದಿನ ಮನೆಯಲ್ಲಿ ಎಲ್ಲರೂ ಅತ್ತಿದ್ದೇವೆ. ಅದನ್ನ ಯಾರೂ ಕೇಳೋದಿಲ್ಲ.

ಬಫಲೋವಾಸಿ:
ನಿಮ್ಮ ಕಣ್ಣೀರಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ "ಪ್ರೇಕ್ಷಕರನ್ನೂ ಬಿಟ್ಟರು" ಅಂದಿರಿ. ಯಾರನ್ನ? ಆ ಜೂನ್‌ನಲ್ಲಿ ಯಾಂಕೀಸ್ ಬಂದಾಗ ನಾನೇ ಒಳಗಿದ್ದೆ. ಎತ್ತ ನೋಡಿದರೂ ಯಾಂಕೀಸ್ ಟೋಪಿ. ಜೂನ್ 17ಕ್ಕೆ ಯಾಂಕೀಸ್ ಒಂದು ಟ್ರಿಪಲ್ ಪ್ಲೇ ಮಾಡಿದರು, ಒಂದೇ ಎಸೆತದ ಆಟದಲ್ಲಿ ಮೂವರು ಔಟ್. ಚೆಂಡು ಪಿಚರ್‌ನಿಂದ ಫಸ್ಟ್ ಬೇಸ್, ಅಲ್ಲಿಂದ ಶಾರ್ಟ್‌ಸ್ಟಾಪ್, ಕ್ಯಾಚರ್, ಥರ್ಡ್ ಬೇಸ್, ಮತ್ತೆ ಶಾರ್ಟ್‌ಸ್ಟಾಪ್ ಕೈಗೆ. ಆ ಸಾಲಿನ ಟ್ರಿಪಲ್ ಪ್ಲೇ ಮೇಜರ್ ಲೀಗ್ ಇತಿಹಾಸದಲ್ಲೇ ಮೊದಲು. ಗ್ಯಾಲರಿ ಎದ್ದು ಕುಣಿಯಿತು, ಎದುರಾಳಿಗೆ! ತವರು ತಂಡ ಅನ್ನೋದು ಬೋರ್ಡ್ ಮೇಲೆ ಮಾತ್ರ. ಬೈಸನ್ಸ್ ಪಂದ್ಯದಲ್ಲಿ ಇಂಥದ್ದು ನಾನು ಕಂಡಿಲ್ಲ.

ಜೆರ್ಸಿ ಜಯಂತಿ:
"ತವರು ತಂಡ ಅನ್ನೋದು ಬೋರ್ಡ್ ಮೇಲೆ ಮಾತ್ರ". ಟ್ರೆಂಟನ್‌ನಲ್ಲಿ ನಮಗಾಗಿದ್ದೂ ಇದೇ ಅಲ್ವಾ? ನಿಮಗೆ ಆ ನೋವು ಗೊತ್ತಿದ್ದೂ ನಮ್ಮ ಊರನ್ನ ಬರೀ ಛತ್ರದ ಹಾಗೆ ಮಾತಾಡುತ್ತೀರಿ. ಆ ಹುಡುಗರಿಗೆ ಮೂರು ತಿಂಗಳು ಚಪ್ಪಾಳೆ ಹೊಡೆದಿದ್ದು ನಾವು. ಆ ವರ್ಷ ಬೈಸನ್ಸ್ ಈಶಾನ್ಯ ವಿಭಾಗದಲ್ಲಿ ಮೊದಲ ಸ್ಥಾನಕ್ಕೆ ಬಂದರಲ್ಲ, ಆ ಗೆಲುವುಗಳಲ್ಲಿ ಟ್ರೆಂಟನ್‌ನದ್ದೂ ಸೇರಿದೆ. ಒಂದು ಥ್ಯಾಂಕ್ಸ್ ಬಂದಿಲ್ಲ.

ಬಫಲೋವಾಸಿ:
ಟ್ರೆಂಟನ್ ಜನರ ಮೇಲೆ ನನಗೆ ಸಿಟ್ಟಿಲ್ಲ, ಇರಲೂ ಇಲ್ಲ. ಮೊದಲ ಸ್ಥಾನ ಅಂದಿರಿ, ಅದರಿಂದ ಸಿಕ್ಕಿದ್ದೇನು? ಆ ವರ್ಷ ಎಂದಿನ ಪ್ಲೇಆಫ್, ಅಂದರೆ ಪಟ್ಟಕ್ಕಾಗಿ ಕೊನೆಯ ಸುತ್ತಿನ ಪಂದ್ಯಗಳನ್ನ, ಇಡಲೇ ಇಲ್ಲ. ಹೆಚ್ಚು ಗೆದ್ದ ಡರ್ಹಮ್‌ಗೆ ಪಟ್ಟ ಕೊಟ್ಟು ಕೈತೊಳೆದುಕೊಂಡರು.

ಮೇಪಲ್ ಮಂಜ:
ಪ್ಲೇಆಫ್ ಇಡದಿದ್ದಕ್ಕೂ ಬ್ಲೂ ಜೇಸ್ ಕಾರಣನಾ ಈಗ? 2021ರಲ್ಲಿ ನಮ್ಮವರು 91 ಪಂದ್ಯ ಗೆದ್ದೂ ಒಂದೇ ಗೆಲುವಿನ ಅಂತರದಲ್ಲಿ ಪ್ಲೇಆಫ್ ತಪ್ಪಿಸಿಕೊಂಡರು. ಮೂರು ಊರಲ್ಲಿ ತವರು ಪಂದ್ಯ ಆಡಿದ ತಂಡ, ಫ್ಲೋರಿಡಾದ ಡನೀಡನ್, ಬಫಲೋ, ಟೊರಾಂಟೊ. ಒಂದೇ ಊರಲ್ಲಿ ಆಡಿದ್ದರೆ ಆ ಒಂದು ಗೆಲುವು ಸಿಗುತ್ತಿರಲಿಲ್ಲವಾ?

ಬಫಲೋವಾಸಿ:
ಹಾಗಿದ್ದರೆ ಡನೀಡನ್‌ನಲ್ಲೇ ಜುಲೈ ತನಕ ಇರಬೇಕಿತ್ತು. ಸೀಸನ್‌ಗೆ ಮುಂಚೆ ಅಭ್ಯಾಸ ಮಾಡೋ ಸ್ಪ್ರಿಂಗ್ ಟ್ರೈನಿಂಗ್‌ಗೆ ಇರೋ ಅವರದ್ದೇ ಮೈದಾನ ಅದು. ನಮ್ಮದನ್ನ ಯಾಕೆ ಕೇಳಿದರು?

ಮೇಪಲ್ ಮಂಜ:
ಜೂನ್, ಜುಲೈನ ಫ್ಲೋರಿಡಾ ಬಿಸಿಲು, ಮಳೆ ನೋಡಿದ್ದೀರಾ ಒಮ್ಮೆಯಾದರೂ?

ಬಫಲೋವಾಸಿ:
ಅದೇ ಫ್ಲೋರಿಡಾ ಬಿಸಿಲಲ್ಲಿ ಡನೀಡನ್‌ನ ಮೈನರ್ ಲೀಗ್ ಹುಡುಗರು ಪ್ರತಿ ಬೇಸಿಗೆ ಆಡುತ್ತಾರೆ. ದೊಡ್ಡವರಿಗೆ ಬೆವರು ಬರುತ್ತದೆ ಅಂತ ಚಿಕ್ಕವರು ಮನೆ ಬಿಡಬೇಕಾಯಿತು. ನೀವೇ ಹೇಳಿದಿರಿ, ನಾನಲ್ಲ.

ಹಳೇ ಲೆಕ್ಕ:
135. ಯಾರೂ ಇನ್ನೂ ಅಲ್ಲಗಳೆದಿಲ್ಲ.